ಚಹಾಮನೆಗಳ ನಗರ ಚೆಂಗ್ಡು

ಚೀನಾದ ನೈಋತ್ಯ ದಿಕ್ಕಿನಲ್ಲಿರುವ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡು, ತನ್ನ ಬಿಡುವಿನ ಬದುಕಿಗಾಗಿ ಇಡೀ ಚೀನಾದಲ್ಲಿ ಹೆಸರಾದ ನಗರ. ಕ್ರಿ.ಪೂ. 3ನೆಯ ಶತಮಾನದಲ್ಲಿ ಲೀ ಬಿಂಗ್ ಎಂಬ ಅಧಿಕಾರಿ ಕಟ್ಟಿಸಿದ ಡುಜಿಯಾಂಗ್‌ಯಾನ್ ನೀರಾವರಿ ವ್ಯವಸ್ಥೆ ಮಿನ್ ನದಿಯ ನೀರನ್ನು ಇಂದಿಗೂ ಇಲ್ಲಿನ ಬಯಲಿಗೆ ಹರಿಸುತ್ತಿದ್ದು, ಅದರಿಂದ ಒದಗಿದ ಬೆಳೆಯ ಸಮೃದ್ಧಿಯೇ ಈ ಬಿಡುವಿಗೆ ತಳಹದಿಯಾಯಿತು.

ಈ ಬದುಕಿನ ಕೇಂದ್ರ ಚಹಾಮನೆ. ಚೆಂಗ್ಡುವಿನ ಚಹಾಮನೆಗಳ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿರುವ ಇತಿಹಾಸಕಾರ ಡಿ ವಾಂಗ್ ಅವರು ತೋರಿಸುವಂತೆ, ಅವು ಬೆಳೆದದ್ದಕ್ಕೆ ದಿನನಿತ್ಯದ ಅಗತ್ಯಗಳೂ ಕಾರಣವಾಗಿದ್ದವು: ಊರಿನ ಬಾವಿನೀರು ಕುಡಿಯಲು ರುಚಿಸುತ್ತಿರಲಿಲ್ಲ, ಸೌದೆ ದುಬಾರಿಯಾಗಿತ್ತು, ಹೀಗಾಗಿ ನದಿಯಿಂದ ಹೊತ್ತು ತಂದ ನೀರನ್ನು ಕಾಯಿಸಿ ಮಾರುತ್ತಿದ್ದ ಚಹಾಮನೆಯನ್ನು ಬಡವರೂ ಆಶ್ರಯಿಸುತ್ತಿದ್ದರು. ವ್ಯಾಪಾರಿಗಳು ಅಲ್ಲಿಯೇ ವ್ಯವಹಾರ ಕುದುರಿಸುತ್ತಿದ್ದರು. ಜಗಳವಾಡಿದವರು ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಚಹಾ ಕುಡಿಯುತ್ತ ನ್ಯಾಯ ತೀರ್ಮಾನಿಸಿಕೊಳ್ಳುತ್ತಿದ್ದರು.

ಆ ಪರಂಪರೆಯನ್ನು ಪ್ರವಾಸಿಯು ಇಂದು ಕಾಣಬಹುದಾದ ಸ್ಥಳಗಳಲ್ಲಿ, ಜನತಾ ಉದ್ಯಾನದೊಳಗೆ 1920ರ ದಶಕದಲ್ಲಿ ಆರಂಭವಾದ ಹೆಮಿಂಗ್ ಚಹಾಮನೆ ಮುಖ್ಯವಾದುದು. ಮರಗಳ ನೆರಳಿನಲ್ಲಿ ಹಾಕಿದ ಬಿದಿರಿನ ಕುರ್ಚಿಗಳಲ್ಲಿ ಜನ ಗಂಟೆಗಟ್ಟಲೆ ಕುಳಿತು ಹರಟುತ್ತಾರೆ, ಅಂಕಿ ಮತ್ತು ಚಿತ್ರಗಳಿರುವ ಬಿಲ್ಲೆಗಳಿಂದ ನಾಲ್ವರು ಆಡುವ ಮಹ್‌ಜಾಂಗ್ ಆಟದಲ್ಲಿ ಮುಳುಗುತ್ತಾರೆ. ಚಹಾ ಬರುವುದು ಗೈವಾನ್‌ನಲ್ಲಿ, ಎಂದರೆ ಮುಚ್ಚಳ, ಬಟ್ಟಲು ಮತ್ತು ತಟ್ಟೆ ಈ ಮೂರೂ ಸೇರಿದ ಪಾತ್ರೆಯಲ್ಲಿ; ಒಮ್ಮೆ ಹಾಕಿದ ಎಲೆಗೆ ಮತ್ತೆ ಮತ್ತೆ ಬಿಸಿನೀರು ಬೀಳುತ್ತಿರುವುದರಿಂದ ಒಂದೇ ಬಟ್ಟಲು ಚಹಾ ಅರ್ಧ ದಿನದವರೆಗೂ ಸಾಗುತ್ತದೆ. ಸಣ್ಣ ಕಡ್ಡಿ, ಕುಂಚಗಳನ್ನು ಹಿಡಿದ ಕಿವಿ ಶುಚಿಗೊಳಿಸುವವರು ಲೋಹದ ಚಿಮ್ಮಟವನ್ನು ಮಿಡಿಯುತ್ತ, ಆ ಸದ್ದಿನಿಂದಲೇ ಗಿರಾಕಿಗಳನ್ನು ಕರೆಯುತ್ತ ಕುರ್ಚಿಗಳ ನಡುವೆ ಸುಳಿದಾಡುತ್ತಾರೆ.

ಕಥೆಗಾರರಿಗೂ ನಟರಿಗೂ ಆಸರೆಯಾಗಿದ್ದ ಚಹಾಮನೆಗಳಲ್ಲಿಯೇ ಸಿಚುವಾನ್ ಸಂಗೀತ ನಾಟಕವೂ ಬೆಳೆಯಿತು. ಐದು ಬಗೆಯ ಗಾಯನಶೈಲಿಗಳನ್ನು ಒಳಗೊಂಡ ಈ ರಂಗಪ್ರಕಾರದಲ್ಲಿ ಗಾವೋಚಿಯಾಂಗ್ ಎಂಬುದು ವಿಶಿಷ್ಟವಾದುದು. ಅಲ್ಲಿ ನಟನು ಹಾಡುವಾಗ ತಾಳವಾದ್ಯಗಳೇ ಜೊತೆಗಿದ್ದು, ಹಿಮ್ಮೇಳದವರು ಮರೆಯಿಂದ ದನಿಗೂಡಿಸುತ್ತಾರೆ. ಆದರೆ ಹೊರಗಿನವರಿಗೆ ಹೆಚ್ಚು ಪರಿಚಿತವಾದದ್ದು ಬಿಯಾನ್ ಲಿಯಾನ್, ಎಂದರೆ ಮುಖ ಬದಲಿಸುವ ಕಲೆ. ಬಣ್ಣ ಬಳಿದುಕೊಳ್ಳುವುದು, ಪುಡಿಯನ್ನು ಊದುವುದು, ತೆಳುವಾದ ರೇಷ್ಮೆಯ ಮುಖವಾಡಗಳನ್ನು ದಾರದಿಂದ ಸೆಳೆಯುವುದು ಇದರ ಮುಖ್ಯ ವಿಧಾನಗಳಾಗಿದ್ದು, ಪಾತ್ರದ ಭಯ, ಕೋಪ, ದಿಗ್ಭ್ರಮೆಗಳನ್ನು ಕ್ಷಣಾರ್ಧದಲ್ಲಿ ತೋರಿಸುವುದೇ ಅದರ ಮೂಲ ಉದ್ದೇಶ. ನಾಟಕದಿಂದ ಬೇರ್ಪಡಿಸಿ ಕೆಲವೇ ನಿಮಿಷಗಳ ಚಮತ್ಕಾರವಾಗಿ ತೋರಿಸಿದಾಗ ಅದರ ಅರ್ಥ ಬಹುಪಾಲು ಕಳೆದುಹೋಗುತ್ತದೆ.

ಹಳೆಯ ಆಚಾರ-ಪದ್ಧತಿಗಳನ್ನು ಅಳಿಸಲು ಹೊರಟ ಚೀನಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಬಹುತೇಕ ಮುಚ್ಚಿಹೋಗಿದ್ದ ಚಹಾಮನೆಗಳು 1970ರ ದಶಕದ ಕೊನೆಯಲ್ಲಿ ಆರಂಭವಾದ ಆರ್ಥಿಕ ಸುಧಾರಣೆಗಳ ಬಳಿಕ ಮತ್ತೆ ತೆರೆದುಕೊಂಡವು. ಸಂಜೆಯಾದರೆ ಚೌಕಗಳಲ್ಲಿ ಧ್ವನಿವರ್ಧಕದ ಹಾಡಿಗೆ ಹೆಜ್ಜೆ ಹಾಕುವ ಹಿರಿಯ ಮಹಿಳೆಯರ ಸಾಮೂಹಿಕ ನೃತ್ಯವೂ ಈಗ ಚೀನಾದ ಇತರ ನಗರಗಳಂತೆ ಇಲ್ಲಿಯೂ ಬೀದಿಯ ಬದುಕಿನ ಭಾಗವಾಗಿದೆ. ಅಲ್ಪ ಖರ್ಚಿನಲ್ಲಿ ಯಾರು ಬೇಕಾದರೂ ಬಂದು ಕುಳಿತು ದಿನ ಕಳೆಯಬಹುದಾದ ತಾಣಗಳನ್ನು ಉಳಿಸಿಕೊಂಡಿರುವುದೇ ಚೆಂಗ್ಡುವಿನ ನಿಜವಾದ ಹಿರಿಮೆ. ವೇಗವಾಗಿ ಬೆಳೆಯುತ್ತಿರುವ ಎಲ್ಲ ನಗರಗಳೂ ಅದರಿಂದ ಕಲಿಯಬೇಕಾದ ಪಾಠವೂ ಇದೇ.