ಅಮ್ಮ ಕಳಿಸಿದ ಪುಡಿ, ಶಾಲೆ ಕೊಟ್ಟ ಮಾತ್ರೆ

ಪುಣೆಯ ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ಹಾಗಾಗಿ ಇಲ್ಲಿನ ಕನ್ನಡಿಗ ಗೆಳೆಯರು ಆಗಾಗ ಕೇಳುತ್ತಾರೆ: ಮಗುವಿನ ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಊರಿನಿಂದ ಬಂದ ವಾಯುವಿಳಂಗದ ಪುಡಿ ಸಾಕೇ, ಶಾಲೆಯಲ್ಲಿ ಕೊಡುವ ಮಾತ್ರೆಯೇ ಬೇಕೇ?

ಮನೆಮದ್ದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಚರಕ ಸಂಹಿತೆ ವಾಯುವಿಳಂಗವನ್ನು ಕ್ರಿಮಿನಾಶಕಗಳ ಸಾಲಿಗೆ ಸೇರಿಸಿದೆ. ಪರಂಗಿ ಬೀಜವನ್ನಂತೂ ಮಕ್ಕಳ ಮೇಲೆಯೇ ಪರೀಕ್ಷಿಸಿದ್ದಾರೆ. 2007ರಲ್ಲಿ ಪ್ರಕಟವಾದ ನೈಜೀರಿಯಾದ ಅಧ್ಯಯನವೊಂದರಲ್ಲಿ, ಕರುಳಿನಲ್ಲಿ ಪರೋಪಜೀವಿಗಳಿದ್ದ 60 ಮಕ್ಕಳ ಪೈಕಿ ಅರ್ಧ ಮಂದಿಗೆ ಒಣಗಿಸಿದ ಪರಂಗಿ ಬೀಜ ಬೆರೆಸಿದ ಜೇನು, ಉಳಿದವರಿಗೆ ಬರೀ ಜೇನು ಕೊಟ್ಟರು. ವಾರದ ನಂತರ ಮಲ ಪರೀಕ್ಷೆ ಮಾಡಿದಾಗ ಬೀಜ ತಿಂದ 30 ಮಕ್ಕಳಲ್ಲಿ 23 ಮಂದಿಯ ಮಲ ಶುದ್ಧವಾಗಿತ್ತು. ಬರೀ ಜೇನು ತಿಂದವರಲ್ಲಿ ಐವರದು ಮಾತ್ರ. ಭರವಸೆಯ ಫಲಿತಾಂಶವೇ. ಆದರೆ 60 ಮಕ್ಕಳು, ಒಂದೇ ವಾರ. ಎಲ್ಲರಿಗೂ ಇಷ್ಟೇ ಪ್ರಮಾಣ ಎಂದು ಬರೆಯಲು ಇದು ಸಾಲದು.

ಗಿಡ ಔಷಧವಾಗುವ ದಾರಿಯನ್ನು ಚೀನಾದ ತು ಯುಯು ತೋರಿಸಿದರು. ಮಲೇರಿಯಾವೂ ಪರೋಪಜೀವಿಯಿಂದ ಬರುವ ರೋಗವೇ. ಗಿಡವನ್ನು ತಣ್ಣೀರಲ್ಲಿ ನೆನೆಸಿ ಹಿಂಡಬೇಕೆಂಬ ಹಳೆಯ ಗ್ರಂಥದ ಸಲಹೆಯಿಂದ, ಕುದಿಸಿದರೆ ಸತ್ವ ಕೆಡುತ್ತದೆಂದು ಅವರು ಊಹಿಸಿದರು. ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಹಾಗೆ ಸಿಕ್ಕ ಆರ್ಟಿಮಿಸಿನಿನ್‌ಗೆ 2015ರ ನೊಬೆಲ್ ಬಂತು. ಅದೇ ಕುಲದ ಇನ್ನೊಂದು ಗಿಡದ ಸ್ಯಾಂಟೋನಿನ್ ದುಂಡುಹುಳುವನ್ನು ಹೊರಹಾಕುತ್ತಿತ್ತು. ಆದರೆ ಕೆಲವರ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣತೊಡಗಿತು. ವಿಷಗುಣದಿಂದಾಗಿ ಅದು ಬಳಕೆಯಿಂದ ಸರಿಯಿತು. ಪರೀಕ್ಷೆ ಒಂದನ್ನು ಎತ್ತಿತು, ಇನ್ನೊಂದನ್ನು ಬಿಟ್ಟಿತು.

ನನ್ನ ವೃತ್ತಿ ಕಲಿಸಿದ್ದೂ ಇದೇ. 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆಯಲ್ಲಿ ಅಷ್ಟು ಮದ್ದು ಇದೆಯೇ ಎಂದು ಅಳೆದು ನೋಡಬಹುದು. ಡಬ್ಬಿಯ ಪುಡಿಯಲ್ಲಿ ಎಷ್ಟು ಎಂಬೆಲಿನ್ ಇದೆ ಎಂಬುದು ಗಿಡ ಬೆಳೆದ ಜಾಗ, ಒಣಗಿಸಿದ ರೀತಿಯ ಮೇಲೆ ನಿಂತಿದೆ. ವಾಯುವಿಳಂಗದ ಹೆಸರಿನಲ್ಲಿ ಬೇರೆ ಗಿಡಗಳ ಕಾಳೂ ಮಾರಾಟವಾಗುತ್ತದೆ.

ಆದ್ದರಿಂದ ನನ್ನ ಉತ್ತರ ಸರಳ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ. ಅದು ಉಚಿತ. ಮಗುವಿಗೆ ಆ ದಿನ ಜ್ವರವಿದ್ದರೆ ಶಿಕ್ಷಕರಿಗೆ ಮೊದಲೇ ತಿಳಿಸಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ವೈದ್ಯರನ್ನು ಕೇಳದೆ ಪುಡಿ ಕೊಡಬೇಡಿ. ಕೈತೊಳೆಯುವುದು, ಉಗುರು ಕತ್ತರಿಸುವುದು, ಚಪ್ಪಲಿ ಹಾಕಿ ಓಡಾಡುವುದು: ಅಮ್ಮ ಹೇಳಿದ ಈ ಮಾತುಗಳಿಗೆ ಮಾತ್ರ ಯಾವ ಪರೀಕ್ಷೆಯೂ ಬೇಕಿಲ್ಲ.