ಕೊಟ್ಟ ಬಟ್ಟೆ ಎಲ್ಲಿಗೆ ಹೋಗುತ್ತೆ?

ಹಾಸ್ಟೆಲ್ ರೂಮ್ ಖಾಲಿ ಮಾಡುವಾಗ ಹಳೇ ಟೀ-ಶರ್ಟ್‌ಗಳನ್ನೆಲ್ಲ ಡೊನೇಷನ್ ಬಾಕ್ಸ್‌ಗೆ ಹಾಕಿ, 'ಯಾರಿಗಾದ್ರೂ ಉಪಯೋಗ ಆಗುತ್ತೆ' ಅಂತ ಸಮಾಧಾನ ಮಾಡ್ಕೋತೀವಿ. ಬ್ರಿಟನ್, ಅಮೆರಿಕದ ಜನರೂ ಹೀಗೇ ಅಂದುಕೊಂಡು ಕೊಡ್ತಾರೆ. ಆ ಬಟ್ಟೆಯಲ್ಲಿ ಒಂದು ಪಾಲು ಹಡಗಿನಲ್ಲಿ ಘಾನಾ ದೇಶದ ರಾಜಧಾನಿ ಅಕ್ರಾದ ಕಾಂಟಮಾಂಟೋ ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ಅದಕ್ಕೆ 'ಒಬ್ರೋನಿ ವಾವು' ಅಂತಾರೆ. ಸತ್ತ ಬಿಳಿಯರ ಬಟ್ಟೆ ಎಂದರ್ಥ.

ಬಟ್ಟೆ ಬರೋದು ಸುಮಾರು 55 ಕೆಜಿಯ ಬೇಲ್‌ಗಳಲ್ಲಿ. ಒಳಗೆ ಏನಿದೆ ಅಂತ ವ್ಯಾಪಾರಿಗೆ ಗೊತ್ತಾಗೋದು ದುಡ್ಡು ಕೊಟ್ಟು ಬಿಚ್ಚಿದ ಮೇಲೇ. ಚೆನ್ನಾಗಿರೋದು ಸಿಕ್ಕರೆ ಲಾಭ. ಹರಿದದ್ದು, ಕಲೆಯಾದದ್ದು ಸಿಕ್ಕರೆ ಸಾಲ. ಆ ಬೇಲ್‌ಗಳನ್ನು ತಲೆ ಮೇಲೆ ಹೊರುವವರು ಉತ್ತರ ಘಾನಾದಿಂದ ಕೆಲಸ ಹುಡುಕಿ ಬಂದ ಹೆಣ್ಣುಮಕ್ಕಳು. ಮಾರಾಟವಾಗದ ಬಟ್ಟೆ ಚರಂಡಿ, ಸಮುದ್ರತೀರ ಸೇರುತ್ತದೆ.

ಹಾಗಂತ ಈ ವ್ಯಾಪಾರ ಕೆಟ್ಟದ್ದಲ್ಲ. ಹಳೇ ಬಟ್ಟೆಗೆ ಹೊಲಿಗೆ, ಬಣ್ಣ, ಇಸ್ತ್ರಿ ಹಾಕಿ ಸಾವಿರಾರು ಜನ ಅಲ್ಲಿ ಬದುಕ್ತಾರೆ. 2025ರ ಜನವರಿಯಲ್ಲಿ ಮಾರುಕಟ್ಟೆಯ ಬಹುಭಾಗ ಬೆಂಕಿಗೆ ಸುಟ್ಟಾಗ ಅವರ ಬದುಕು ಬೀದಿಗೆ ಬಂತು. ತೊಂದರೆ ಇರೋದು ನಾಲ್ಕು ಒಗೆತಕ್ಕೇ ಹಾಳಾಗೋ ಅಗ್ಗದ ಬಟ್ಟೆಯಲ್ಲಿ. ಅದನ್ನು ಯಾರು ರಿಪೇರಿ ಮಾಡಿದ್ರೂ ಮಾರೋಕಾಗಲ್ಲ.

ನಮ್ಮ ಬಟ್ಟೆ ಅಕ್ರಾಗೆ ಹೋಗದಿದ್ರೂ ಲೆಕ್ಕ ಅದೇ. ಬಾಕ್ಸ್‌ಗೆ ಹಾಕೋ ಮುಂಚೆ ಕೇಳಿಕೊಳ್ಳೋಣ: ಇದನ್ನ ನಮ್ಮ ಫ್ರೆಂಡ್ ದುಡ್ಡು ಕೊಟ್ಟು ತಗೋತಾನಾ? ಇಲ್ಲ ಅಂದ್ರೆ ಗುಂಡಿ ಹಾಕಿಸಿ ಇನ್ನೊಂದು ವರ್ಷ ನಾವೇ ಹಾಕೋಣ.