ನಿಮಗಿದು ಗೊತ್ತೇ? ಡಿಗ್ರಿ ಮುಗಿಸಿದ ಹಾವೇರಿಯ ಮಕ್ಕಳಿಗೆ ಕೆಲಸದ ಮಾಹಿತಿ

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಮುಂದೇನ್ ಮಾಡ್ತೀ?" ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೋಚಿಂಗ್, ಇಲ್ಲವೇ ಬೆಂಗಳೂರಿನ ಬಸ್ಸು. ಹೆಚ್ಚಿನವರಿಗೆ ಹೊಳೆಯುವುದು ಈ ಎರಡೇ ದಾರಿ. ಆದರೆ ದಾರಿಗಳು ಇನ್ನೂ ಇವೆ, ಹಕ್ಕುಗಳೂ ಇವೆ. ತಿಳಿಯದೆ ಕಳೆದುಕೊಳ್ಳುವವರೇ ಜಾಸ್ತಿ.

ಊರಿನಲ್ಲೇ ಇರುವ ಕೆಲಸ

● ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಡಬ್ಬಿ ಇರಲಿ, ಕಡ್ಡಿ ಇರಲಿ, ಇದರ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ಕಣ್ಣಳತೆಯಲ್ಲಿ ಬಿಡದೆ 'ಆಸ್ಟಾ' ಎಂಬ ಮಾನದಲ್ಲಿ ಅಳೆಯುತ್ತಾರೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಸೋಸಿದ ದ್ರಾವಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟು, 460 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ. ಬಿ.ಎಸ್ಸಿ. ರಸಾಯನಶಾಸ್ತ್ರದವರು ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದು ಇದೇ ಉಪಕರಣ. ಮೆಣಸಿನಕಾಯಿಯ ಸಾರವಾದ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆ, ಮಸಾಲೆ ರಫ್ತು ಕಂಪನಿಗಳ ಗುಣಮಟ್ಟ ವಿಭಾಗಕ್ಕೆ ಅರ್ಜಿ ಹಾಕುವಾಗ ಈ ಅನುಭವವನ್ನು ಬರೆಯಲೇಬೇಕು.

● ಆಹಾರ ಸುರಕ್ಷತಾ ಅಧಿಕಾರಿ ಹುದ್ದೆ ಆಹಾರ ತಂತ್ರಜ್ಞಾನ ಓದಿದವರಿಗೆ ಮಾತ್ರವಲ್ಲ. ಕೃಷಿ ವಿಜ್ಞಾನ, ಜೈವಿಕ ತಂತ್ರಜ್ಞಾನದ ಪದವೀಧರರಿಗೂ, ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿದವರಿಗೂ 2011ರ ನಿಯಮಗಳು ಅವಕಾಶ ಕೊಟ್ಟಿವೆ.

● ರಾಣೇಬೆನ್ನೂರು ಸುತ್ತಲಿನ ಹೊಲಗಳಲ್ಲಿ ತಯಾರಾಗುವ ಹೈಬ್ರಿಡ್ ತರಕಾರಿ ಮತ್ತು ಹತ್ತಿ ಬೀಜದ ಹಿಂದೆ ಕೈಕೆಲಸವಿದೆ. ಹಿಂದಿನ ದಿನ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸಬೇಕು. ಇದನ್ನು ನೋಡಿಕೊಳ್ಳುವ ಕ್ಷೇತ್ರ ಮೇಲ್ವಿಚಾರಕರು, ಮೊಳಕೆ ಪರೀಕ್ಷೆ ಮಾಡುವ ಲ್ಯಾಬಿನವರು ಬೀಜ ಕಂಪನಿಗಳಿಗೆ ಬೇಕೇ ಬೇಕು. ಕೃಷಿ ಪದವಿಗೆ ದೂರ ಹೋಗಬೇಕಿಲ್ಲ. ಹನುಮನಮಟ್ಟಿಯಲ್ಲೇ ಕೃಷಿ ಕಾಲೇಜಿದೆ.

● ಕೀಟನಾಶಕ ಮಾರುವ ಅಂಗಡಿಗೆ ಈಗ ಓದಿದವರೇ ಬೇಕು. ಕೃಷಿ ಪದವಿ ಇಲ್ಲದಿದ್ದರೂ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರರು ಲೈಸೆನ್ಸಿಗೆ ಅರ್ಹರು.

● ಕೃಷಿ ಪದವೀಧರರು ಸ್ವಂತ ಸಲಹಾ ಕೇಂದ್ರ ತೆರೆಯಲು 2002ರಿಂದ 'ಅಗ್ರಿ ಕ್ಲಿನಿಕ್' ಯೋಜನೆಯಿದೆ. ಉಚಿತ ವಸತಿ ತರಬೇತಿಯ ನಂತರ ಬ್ಯಾಂಕ್ ಸಾಲಕ್ಕೆ ಶೇ. 36 ಸಹಾಯಧನ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44.

● ಖಾರದಪುಡಿ, ಮಸಾಲೆ, ರೊಟ್ಟಿ-ಚಟ್ನಿ ಘಟಕ ಹಾಕುವವರಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ. 35 ಸಹಾಯಧನವಿದೆ. ಮಿತಿ 10 ಲಕ್ಷ ರೂಪಾಯಿ.

● ಗ್ರಾಮೀಣ ಯುವಕರಿಗೆ ಸ್ವಉದ್ಯೋಗ ತರಬೇತಿ ಕೊಡುವ ಮಾದರಿಯನ್ನು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಕರ್ನಾಟಕ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇಂದು ಜಿಲ್ಲೆಗೊಂದರಂತೆ ಆರ್‌ಸೆಟಿಗಳು ನಡೆಯುತ್ತಿವೆ. ತರಬೇತಿ, ಊಟ, ವಸತಿ ಎಲ್ಲವೂ ಉಚಿತ.

ಕೈಯಲ್ಲಿರಬೇಕಾದ ಕಾಗದಗಳು

● ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಶೇ. 25 ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಮೋಟೆಬೆನ್ನೂರಿನಲ್ಲೋ ಕಾಗಿನೆಲೆಯಲ್ಲೋ ಓದಿದ ಹುಡುಗಿಗೆ ಎರಡೂ ಸಿಗಬಹುದು. ಆದರೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಅವರ ಮೇಲುಸಹಿ, ಎಲ್ಲವೂ ಅರ್ಜಿಯ ಕೊನೆಯ ದಿನಾಂಕದೊಳಗೆ ಆಗಿರಬೇಕು. ಒಂದು ದಿನ ತಡವಾದರೂ ಆ ಮೀಸಲಾತಿ ಕೈತಪ್ಪುತ್ತದೆ.

● 2ಎ, 2ಬಿ, 3ಎ, 3ಬಿ ಜಾತಿ-ಆದಾಯ ಪ್ರಮಾಣಪತ್ರದ ಆಯುಷ್ಯ 5 ವರ್ಷ. ಪಿಯುಸಿಗೆ ಸೇರುವಾಗ ನಾಡಕಚೇರಿಯಲ್ಲಿ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ದಿನಾಂಕವನ್ನು ಇಂದೇ ನೋಡಿಕೊಳ್ಳಿ.

● ರಾಜ್ಯದ ಆ ಪ್ರಮಾಣಪತ್ರ ಬ್ಯಾಂಕ್ ಮತ್ತು ರೈಲ್ವೆಗೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮೂನೆಯೂ ಬೇರೆ. ಕೇಂದ್ರದ ಯಾವ ಮೀಸಲು ಪಟ್ಟಿಯಲ್ಲೂ ಇಲ್ಲದ ಸಮುದಾಯದ ಕಡಿಮೆ ಆದಾಯದವರು 2019ರಲ್ಲಿ ಬಂದ ಇಡಬ್ಲ್ಯುಎಸ್ ಮೀಸಲಾತಿಯ ಬಗ್ಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು.

● ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯವರಿಗೆ ಸಂವಿಧಾನದ 371ಜೆ ಮೀಸಲಾತಿ ಉಂಟು. ಈಚೆ ದಡದ ಗುತ್ತಲದವರಿಗೆ ಇಲ್ಲ. ಈ ಮೀಸಲಾತಿ ಇರುವ ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಲ್ಲಿ ಹಾವೇರಿ ಸೇರಿಲ್ಲ. ಆದ್ದರಿಂದ ಅಧಿಸೂಚನೆಯಲ್ಲಿ ಒಟ್ಟು ಹುದ್ದೆ ನೋಡಿ ಹಿಗ್ಗಬೇಡಿ. 'ಉಳಿಕೆ ಮೂಲ ವೃಂದ' ಎಂಬ ಪಟ್ಟಿಯಲ್ಲಿ ಎಷ್ಟಿವೆ ಎಂದು ಎಣಿಸಿ.

● ನಮ್ಮ ಭಾಗದಲ್ಲಿ ಅಡ್ಡಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಇನಿಶಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಇರುವಂತೆಯೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ತಿದ್ದಿಸಿಕೊಂಡರೆ ದಾಖಲೆ ಪರಿಶೀಲನೆಯ ದಿನ ನಿಶ್ಚಿಂತೆ.

ಪರೀಕ್ಷೆಯ ದಾರಿ

● ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು ಕೇಂದ್ರ ಪ್ರಕಟಿಸಿದ್ದು 2019ರಲ್ಲಿ. ಹಾವೇರಿಯವರಿಗೆ ಪರಿಚಿತವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ವಿಲೀನವಾಗಿ, ಬಳ್ಳಾರಿ ಕೇಂದ್ರ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಗೈಡ್ ಓದುತ್ತಿರುವವರು ಗಮನಿಸಿ.

● ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ 2024ರಿಂದ ಕನ್ನಡದಲ್ಲಿದೆ.

● ಕೇಂದ್ರದ 'ಸಿ' ಗುಂಪಿನ ಮತ್ತು ಗೆಜೆಟೆಡ್ ಅಲ್ಲದ 'ಬಿ' ಗುಂಪಿನ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವೇ ಇಲ್ಲ. ಇಂಥ ಹುದ್ದೆಗೆ "ಇಂಟರ್‌ವ್ಯೂನಲ್ಲಿ ಮಾಡಿಸಿ ಕೊಡ್ತೀನಿ" ಎಂದು ಬಂದವನು ಮೋಸಗಾರ.

● ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಒಮ್ಮೆ ಪಾಸಾದರೆ ಸಾಕು, ಜೀವನಪರ್ಯಂತ ಮಾನ್ಯ. 7 ವರ್ಷದ ಮಿತಿಯನ್ನು 2021ರಲ್ಲಿ ತೆಗೆದುಹಾಕಲಾಯಿತು.

ಖಾಸಗಿ ಕೆಲಸ, ಕಲಿಕೆಯ ಕೆಲಸ

● ಅಪ್ರೆಂಟಿಸ್ ಎಂದರೆ ಐಟಿಐ ಹುಡುಗರಿಗಷ್ಟೇ ಎಂಬ ಭಾವನೆ ತಪ್ಪು. 1961ರ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ಆಗಿ ಪದವೀಧರರೂ ಸೇರಿದರು. 30 ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು 2019ರ ನಿಯಮ ಗೊತ್ತುಮಾಡಿತು. ಕುಮಾರಪಟ್ಟಣದ ಕಾರ್ಖಾನೆಯಿಂದ ಹುಬ್ಬಳ್ಳಿಯ ಕಂಪನಿಗಳವರೆಗೆ ಇದನ್ನು ಕೇಳಿ ನೋಡಬಹುದು. ಒಂದು ವರ್ಷದ ಅನುಭವ ಪತ್ರಕ್ಕೆ ಮುಂದೆ ದೊಡ್ಡ ಬೆಲೆ ಇದೆ.

● ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ಹಣ ಖಾತೆಗೆ ಬರಲು ಶುರುವಾದದ್ದು 2024ರ ಜನವರಿ 12ರಂದು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಮುಂದೆ ಓದಲು ಸೇರಿದವರಿಗೆ ಇದು ಅನ್ವಯಿಸದು. ಈ ಹಣ ಅರ್ಜಿ ಶುಲ್ಕಕ್ಕೆ, ಪುಸ್ತಕಕ್ಕೆ, ಪರೀಕ್ಷೆಯ ಪ್ರಯಾಣಕ್ಕೆ ಬಳಕೆಯಾಗಲಿ.

● 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1959ರ ಕಾಯ್ದೆ ಹೇಳುತ್ತಿತ್ತು. ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆ ತಾಣ 2015ರಿಂದ ಉಚಿತವಾಗಿ ಸಿಗುತ್ತಿದೆ, ಸಹಾಯವಾಣಿ 1514.

● ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ದೊರೆಗೆ ಕೆಲಸ ಕೇಳಿ ಪತ್ರ ಬರೆದ. ಸೇತುವೆ, ಫಿರಂಗಿ, ಯುದ್ಧರಥ, ಹೀಗೆ ದೊರೆಗೆ ಬೇಕಾದ್ದನ್ನೇ ಮೊದಲು ಪಟ್ಟಿ ಮಾಡಿ, ಚಿತ್ರಕಲೆಯ ಮಾತನ್ನು ಕೊನೆಗಿಟ್ಟ. ಬಯೋಡೇಟಾ ಬರೆಯುವಾಗಲೂ ಕೆಲಸ ಕೊಡುವವರಿಗೆ ಬೇಕಾದ್ದು ಮೊದಲ ಅರ್ಧ ಪುಟದಲ್ಲಿರಲಿ.

● ಕೆಲಸದ ಸುದ್ದಿ ತರುವವರು ಆಪ್ತ ಗೆಳೆಯರಿಗಿಂತ ಅಷ್ಟಾಗಿ ಬಳಕೆ ಇಲ್ಲದ ಪರಿಚಯಸ್ಥರೇ ಹೆಚ್ಚು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದರು. ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ದಲಾಲಿ ಅಂಗಡಿಯ ಸಾಹುಕಾರರು, ಹುಬ್ಬಳ್ಳಿಗೆ ದಿನಾ ಓಡಾಡುವ ಪಕ್ಕದ ಓಣಿಯ ಅಣ್ಣ, ಇವರನ್ನೆಲ್ಲ ಸಂಕೋಚವಿಲ್ಲದೆ ಕೇಳಿ.

● ಬಾಂಡ್‌ಗೆ ಸಹಿ ಹಾಕುವ ಮುನ್ನ ಎರಡು ಸಲ ಓದಿ. 3 ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

● ಕೆಲಸ ಕೊಡುವ ಕಂಪನಿ ಅಭ್ಯರ್ಥಿಯಿಂದ ಠೇವಣಿ ಕೇಳುವುದಿಲ್ಲ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾವೇರಿ ಜಿಲ್ಲೆಯ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ, ದುಡಿಮೆಗೂ ಕೊರತೆಯಿಲ್ಲ. ಕೊರತೆ ಇರುವುದು ಸಮಯಕ್ಕೆ ತಲುಪುವ ಮಾಹಿತಿಗೆ. ಆದ್ದರಿಂದ ಈ ವಾರವೇ ಓದಿದ ಶಾಲೆಗೆ ಹೋಗಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ನಿಮ್ಮ ತರಗತಿಯ ನಾಲ್ಕು ಜನರನ್ನೂ ಜೊತೆಗೆ ಕರೆದುಕೊಂಡು ಹೋಗಿ.